ಕಣ್ಣಿಗೂ ಕಾಲಾವಕಾಶ ಬೇಕು

ಕನ್ನಡ ಅಧ್ಯಾಪಕನಾದವನು ಕಣ್ಣಿನ ವಿಚಾರ ಬರೆಯಹೊರಟರೆ ವಿಜ್ಞಾನದ ಅಧ್ಯಾಪಕರು ನಗಬಹುದು. ಆದರೂ ಬರೆಯಲು ಕಾರಣವಿದೆ.

ಕೆಲವು ವರ್ಷಗಳ ಹಿಂದೆ, ಸುಡುಬಿಸಿಲಿನಲ್ಲಿ ಆಡಿ ತರಗತಿಗೆ ಓಡಿಬಂದ ಹುಡುಗನೊಬ್ಬನಿಗೆ ಕರಿಹಲಗೆಯ ಮೇಲಿನ ಪದ್ಯವನ್ನು ಓದಲು ಹೇಳಿದೆ. "ಕಾಣುವುದಿಲ್ಲ ಸರ್" ಎಂದ. ನೆಪ ಹೇಳುತ್ತಾನೆಂದು ಗದರಿಸಿದೆ. ತಗ್ಗು ಮಾಡಿನ ಆ ಕೋಣೆ ನಡುಹಗಲಲ್ಲೂ ಮಬ್ಬು. ತಪ್ಪು ಅವನದಲ್ಲ, ನನ್ನದು.

ಬಿಸಿಲಿನಲ್ಲಿ ಕಣ್ಣಿನ ಪಾಪೆ ಸುಮಾರು 2 ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲೆಯಲ್ಲಿ ಎಳೆಯರಿಗೆ 7-8 ಮಿಲಿಮೀಟರಿನಷ್ಟು ಅಗಲವಾಗುತ್ತದೆ. ಇದು ಕ್ಷಣಗಳ ಕೆಲಸ. ಆದರೆ ಇದರಿಂದ ಒಳಸೇರುವ ಬೆಳಕು ಹೆಚ್ಚೆಂದರೆ 16 ಪಟ್ಟು ಹೆಚ್ಚೀತು. ಉಳಿದ ಕೆಲಸ ಅಕ್ಷಿಪಟಲದ್ದು. ಅಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು 10 ನಿಮಿಷ ಬೇಕು. ಮಬ್ಬಿನಲ್ಲಿ ನೆರವಾಗುವ ದಂಡಕೋಶಗಳಿಗೆ ಅರ್ಧ ಗಂಟೆಯೇ ಬೇಕು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕಿನಲ್ಲಿ ಬಿಳಿಚಿಕೊಂಡು, ಕತ್ತಲೆಯಲ್ಲಿ ಮೆಲ್ಲನೆ ಮರಳಿ ಕೂಡಿಕೊಳ್ಳುತ್ತದೆ.

ನಮ್ಮ ಕಾಸರಗೋಡಿನ ಕಡೆ ಬಯಲಾಟ ನೋಡಿ ನಡುರಾತ್ರಿ ಮನೆಗೆ ಹೊರಟವರಿಗೆ ಇದರ ಅನುಭವವಿದೆ. ರಂಗಸ್ಥಳದ ದೀಪ ಬಿಟ್ಟು ಬಂದೊಡನೆ ಗದ್ದೆಯ ಹುಣಿ ಕಾಣದು. ಸ್ವಲ್ಪ ನಿಂತು ಹೊರಟರೆ ದಾರಿ ತಾನಾಗಿ ತೋರುತ್ತದೆ. ನಡುವೆ ಮೊಬೈಲಿನ ಪರದೆ ನೋಡಿದರೆ ಗಳಿಸಿದ ನೋಟ ಮತ್ತೆ ಮಸುಕಾಗುತ್ತದೆ.

ಹೆತ್ತವರಲ್ಲಿ ಒಂದು ಮಾತು. ಎಷ್ಟು ಹೊತ್ತು ಕಳೆದರೂ ಮಗು ಮುಸ್ಸಂಜೆಯಲ್ಲಿ ತಡವರಿಸಿದರೆ ಅದನ್ನು ಹೆದರಿಕೆ, ಸೋಮಾರಿತನ ಎನ್ನಬೇಡಿ. ಇರುಳುಗುರುಡು ಇರಬಹುದು, ವೈದ್ಯರಿಗೆ ತೋರಿಸಿ. ರೊಡಾಪ್ಸಿನ್ ಉಂಟಾಗಲು ಎ ಜೀವಸತ್ವ ಬೇಕು. ಅದರ ಕೊರತೆಯಿಂದ ಮಕ್ಕಳು ಕುರುಡಾಗುವುದನ್ನು ತಡೆಯಲು ಭಾರತ ಸರಕಾರ 1970ರಲ್ಲೇ ಕಾರ್ಯಕ್ರಮ ಆರಂಭಿಸಿತು. ನಮ್ಮ ಹಿತ್ತಿಲಿನ ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿಗಳಲ್ಲೂ ಅದಕ್ಕೆ ಬೇಕಾದ ಸತ್ವವಿದೆ. ಅಂಗಡಿಯ ತಿಂಡಿಗಾಗಿ ಅವನ್ನು ಕಡೆಗಣಿಸುವುದು ಜಾಣತನವಲ್ಲ.

ಅಧ್ಯಾಪಕ ಮಿತ್ರರಲ್ಲೂ ಒಂದು ವಿನಂತಿ. ಆಟದ ಬಿಡುವಿನ ಬಳಿಕ ಮೊದಲ ಕೆಲವು ನಿಮಿಷ ಬಾಯಿಪಾಠಕ್ಕೋ ಪ್ರಶ್ನೋತ್ತರಕ್ಕೋ ಮೀಸಲಿರಲಿ. ಹಲಗೆಯ ಓದು ಆಮೇಲೆ. ಅಂದಿನಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ ಆಡುವ ಮಕ್ಕಳು ಕನ್ನಡ ಪಾಠಕ್ಕೆ ಬಂದಾಗಲೂ ಇದೇ ತಾಳ್ಮೆ ಬೇಕು. ಎರಡು ಭಾಷೆಗಳಲ್ಲಿ ಕಲಿತ ನನಗೆ ಇದು ಚೆನ್ನಾಗಿ ಗೊತ್ತು.

"ಕಾಣುವುದಿಲ್ಲ" ಎಂದ ಮಗುವನ್ನು ಮೊದಲು ನಂಬೋಣ, ಸ್ವಲ್ಪ ಹೊತ್ತು ಕೊಡೋಣ. ಗದರಿಕೆಯಿಂದ ಯಾರ ಕಣ್ಣೂ ಬೇಗ ಕಂಡದ್ದಿಲ್ಲ.