ಆಟದ ಸಂತೆಯಲ್ಲಿ ಕೊಳುಕೊಡೆ

“ಆಟಕ್ಕೆ ಹಣ ಸುರಿದು ಕೆಟ್ಟವನ ಮೇಲೆ ಕನಿಕರ ಪಡಬೇಕಾಗಿಲ್ಲ” ಎಂಬ ಮಾತು ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ಆಗಾಗ ಕೇಳಿಬರುತ್ತದೆ. ಅಧ್ಯಾಪಕರ ಕೊಠಡಿಯಲ್ಲೂ ಇದೇ ಅಭಿಪ್ರಾಯವಿದ್ದರೆ ಆಶ್ಚರ್ಯವಿಲ್ಲ. ನಾನು ಮಾತ್ರ ಇದನ್ನು ಒಪ್ಪಲಾರೆ. ಒಪ್ಪದಿರುವುದಕ್ಕೆ ಸ್ವಂತ ಕಾರಣವೊಂದುಂಟು. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಎರಡನೆಯ ವರ್ಷದಲ್ಲಿದ್ದಾಗ, ಪರೀಕ್ಷಾ ಶುಲ್ಕಕ್ಕೆಂದು ಮನೆಯಿಂದ ಬಂದ ಹಣದಲ್ಲಿ 1,800 ರೂಪಾಯಿಗಳನ್ನು ಮುಖ ಕಾಣದ ಮನುಷ್ಯನೊಬ್ಬನಿಗೆ ಕಳುಹಿಸಿ, ಮೊಬೈಲಿನಲ್ಲಿ ಆಡುವ ಒಂದು ಆಟದ ಖಾತೆಯನ್ನು ಕೊಂಡೆ. ಹತ್ತು ದಿನ ಅದು ನನ್ನದಾಗಿತ್ತು. ಹನ್ನೊಂದನೆಯ ದಿನ ಬೆಳಗ್ಗೆ ಬಾಗಿಲು ತೆರೆಯಲಿಲ್ಲ.

ಈ ಆಟಗಳ ಪರಿಚಯವಿಲ್ಲದ ಹಿರಿಯರಿಗಾಗಿ ಒಂದೆರಡು ಮಾತು ಹೇಳಬೇಕು. ಅಂತರಜಾಲದ ಮೂಲಕ ಸಾವಿರಾರು ಜನ ಕೂಡಿ ಆಡುವ ಈ ಆಟಗಳಲ್ಲಿ ಆಟಗಾರನ ಬಳಿ ಆಯುಧ, ಉಡುಪು ಮುಂತಾದ ಸಾಮಾನುಗಳಿರುತ್ತವೆ. ಕೆಲವು ಸುಲಭವಾಗಿ ಸಿಕ್ಕುತ್ತವೆ, ಕೆಲವು ಅಪರೂಪ. ಕೌಂಟರ್-ಸ್ಟ್ರೈಕ್ ಎಂಬ ಆಟದಲ್ಲಿ 2013ರ ಆಗಸ್ಟಿನಿಂದ ಬಂದೂಕಿಗೂ ಚೂರಿಗೂ ಹಚ್ಚುವ ಬಣ್ಣಗಳು ಬಂದಿವೆ. ಬಣ್ಣ ಹಚ್ಚಿದ ಮಾತ್ರಕ್ಕೆ ಗುಂಡು ಹೆಚ್ಚು ನಾಟುವುದಿಲ್ಲ. ಅದು ಕೇವಲ ಚೆಂದಕ್ಕೆ. ಆದರೂ ಅಪರೂಪದ ಚೂರಿಯೊಂದು ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ರೂಪಾಯಿಗಳಿಗೆ ಕೈ ಬದಲಾಯಿಸುವುದುಂಟು. ರೇಷ್ಮೆ ಸೀರೆಯ ಅಂಚಿಗೆ ಬೆಲೆ ಕಟ್ಟುವ ನಾವು ಇದಕ್ಕೆ ನಗಬೇಕಾದ್ದಿಲ್ಲ.

ಆ ಆಟವನ್ನು ನಡೆಸುವ ವಾಲ್ವ್ ಕಂಪೆನಿಗೆ ಸ್ಟೀಮ್ ಎಂಬ ಅಂಗಡಿಯಿದೆ. ಅದರೊಳಗಿನ ಮಾರುಕಟ್ಟೆಯಲ್ಲಿ ಚೂರಿ ಮಾರಿದರೆ ಬಂದ ಹಣ ಅದೇ ಅಂಗಡಿಯ ಚೀಲದಲ್ಲಿ ಉಳಿಯುತ್ತದೆ. ಬೇರೆ ಆಟ ಕೊಳ್ಳಬಹುದು, ಆದರೆ ನಗದಾಗಿ ಮನೆಗೆ ಒಯ್ಯುವಂತಿಲ್ಲ. ಇನ್ನು ಕೆಲವು ಆಟಗಳಲ್ಲಿ ಆಟಗಾರರ ನಡುವೆ ಸಾಮಾನಿನ ವಿನಿಮಯವೇ ಇಲ್ಲ. ಅಲ್ಲಿ ಜನ ಖಾತೆಯನ್ನೇ ಇಡಿಯಾಗಿ ಮಾರುತ್ತಾರೆ. ಇದು ಕಂಪೆನಿಗಳ ನಿಯಮಕ್ಕೆ ವಿರುದ್ಧ. ಹೀಗೆ ಬೇಲಿಯೊಳಗಿನ ಸಂತೆಗೆ ಅಂಟಿಕೊಂಡು ಬೇಲಿಯ ಹೊರಗೊಂದು ಸಂತೆ ಬೆಳೆದಿದೆ. ಮೋಸಗಾರನಿಗೆ ಬೇಕಾದ ಜಾಗ ಅದೇ. ಅಲ್ಲಿ ರಸೀತಿಯಿಲ್ಲ, ಸಾಕ್ಷಿಯಿಲ್ಲ, ಕೆಟ್ಟ ಮೇಲೆ ದೂರುವುದಕ್ಕೆ ಮುಖವೂ ಇಲ್ಲ.

ನಾನು ಕೆಟ್ಟದ್ದು ಹೀಗೆ. ಗುಪ್ತಪದವನ್ನು ಆತ ಕೊಟ್ಟ, ನಾನು ಕೂಡಲೇ ಬದಲಾಯಿಸಿದೆ, ಬುದ್ಧಿವಂತನೆಂದುಕೊಂಡೆ. ಆದರೆ ಖಾತೆಯ ಬೇರು ಇದ್ದದ್ದು ಅವನ ಹಳೆಯ ಈಮೇಲಿನಲ್ಲಿ. ‘ಗುಪ್ತಪದ ಮರೆತಿದ್ದೇನೆ’ ಎಂದು ಅವನು ಒಂದು ಗುಂಡಿ ಒತ್ತಿದರೆ ಸಾಕು, ಮನೆ ಮತ್ತೆ ಅವನದೇ. ಅವನು ನನಗೆ ಮಾರಿದ್ದು ಮನೆಯನ್ನಲ್ಲ, ಬೀಗದ ಕೈಯ ಒಂದು ನಕಲನ್ನು. ಅದೇ ಖಾತೆಯನ್ನು ಇನ್ನೆಷ್ಟು ಜನಕ್ಕೆ ಮಾರಿದನೋ!

ನಮ್ಮ ತಂದೆಯವರು ಅಕ್ಷರ ಕಲಿತವರಲ್ಲ. ಆದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅವರನ್ನು ಯಾರೂ ಮೋಸಗೊಳಿಸಿದ್ದನ್ನು ನಾನು ಕಾಣೆ. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ, ನಡೆಸಿ ನೋಡುತ್ತಾರೆ, ಬಾಲ ಮುಟ್ಟಿ ನೋಡುತ್ತಾರೆ, ಮಾರುವವನ ಊರು ಕೇರಿ ವಿಚಾರಿಸುತ್ತಾರೆ. ಬೆಲೆಯ ಮಾತು ಮಾತ್ರ ಟವಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತದೆ. ಅಂದರೆ ಬೆಲೆ ಗುಟ್ಟು, ಎತ್ತು ಬಯಲು. ನನ್ನ ವ್ಯಾಪಾರದಲ್ಲಿ ಬೆಲೆ ಬಯಲಾಗಿತ್ತು, ಎತ್ತು ಟವಲಿನ ಕೆಳಗಿತ್ತು. ವಿಷಯ ತಿಳಿದಾಗ ತಂದೆಯವರು ಬೈಯಲಿಲ್ಲ; “ಅವನ ಊರು ಯಾವುದು?” ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಈ ವಂಚನೆಗಳು ಹೊಸವೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ 2001ರಲ್ಲಿ ಆರಂಭವಾದ ರೂನ್‌ಸ್ಕೇಪ್ ಆಟದಲ್ಲಿ ಕೆಲವರು “ನಿನ್ನ ಕವಚಕ್ಕೆ ಪುಕ್ಕಟೆಯಾಗಿ ಚಿನ್ನದ ಅಂಚು ಕಟ್ಟಿಕೊಡುತ್ತೇನೆ” ಎಂದು ಹೊಸಬರ ಕವಚವನ್ನು ಪಡೆದು ಮಾಯವಾಗುತ್ತಿದ್ದರು. ಅಂಚು ಕಟ್ಟುವ ವಿದ್ಯೆಯೇ ಆಗ ಆ ಆಟದಲ್ಲಿರಲಿಲ್ಲ! ಇನ್ನು ಕೆಲವರು “ಕೊಟ್ಟದ್ದನ್ನು ಇಮ್ಮಡಿ ಮಾಡುತ್ತೇನೆ” ಎನ್ನುತ್ತಿದ್ದರು. ಮೊದಲು ಸ್ವಲ್ಪ ಕೊಟ್ಟರೆ ನಿಜವಾಗಿ ಇಮ್ಮಡಿ ಬರುತ್ತಿತ್ತು. ದೊಡ್ಡ ಗಂಟು ಕೊಟ್ಟಾಗ ಮನುಷ್ಯನೇ ಇಲ್ಲ. ವಿನಿಮಯದ ಕೊನೆಯ ಗಳಿಗೆಯಲ್ಲಿ ಒಳ್ಳೆಯ ಸಾಮಾನನ್ನು ತೆಗೆದು ಅದನ್ನೇ ಹೋಲುವ ಅಗ್ಗದ್ದನ್ನು ಇಡುವ ಕೈಚಳಕವೂ ಇತ್ತು. ಅದಕ್ಕೆಂದೇ ಅಲ್ಲಿ ಎರಡನೆಯ ಸಲ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳುವ ಏರ್ಪಾಡಿದೆ. ಆ ಎರಡನೆಯ ಪಟ್ಟಿಯನ್ನು ಓದದೆ ಒತ್ತುವವನಿಗೆ ಯಾರೂ ಸಹಾಯ ಮಾಡಲಾರರು. ಐಸ್‌ಲೆಂಡಿನಲ್ಲಿ ತಯಾರಾದ ಈವ್ ಆನ್‌ಲೈನ್ ಆಟದಲ್ಲಂತೂ ಆಟದೊಳಗಿನ ವ್ಯಾಪಾರದಲ್ಲಿ ವಂಚಿಸುವುದು ನಿಯಮಬಾಹಿರವೇ ಅಲ್ಲ. ಕೆಟ್ಟ ಮೇಲೆ ಕಂಪೆನಿಗೆ ಬರೆದುಕೊಂಡರೆ ಫಲವಿಲ್ಲ.

ಮೂರ್ಖರು ಮಾತ್ರ ಬೀಳುತ್ತಾರೆ ಎನ್ನುವವರಿಗೆ ಒಂದು ಸಂಗತಿ. 2015ರ ಡಿಸೆಂಬರಿನಲ್ಲಿ ವಾಲ್ವ್ ಕಂಪೆನಿ, ತಿಂಗಳಿಗೆ ಸುಮಾರು 77,000 ಸ್ಟೀಮ್ ಖಾತೆಗಳು ಅಪಹರಣವಾಗುತ್ತಿವೆಯೆಂದು ತಾನೇ ಪ್ರಕಟಿಸಿತು. ಕಳೆದುಕೊಂಡವರು ಹೊಸಬರಲ್ಲ, ಅವರಲ್ಲಿ ವೃತ್ತಿನಿರತ ಆಟಗಾರರೂ ನುರಿತ ವ್ಯಾಪಾರಿಗಳೂ ಇದ್ದಾರೆಂದು ಸ್ಪಷ್ಟವಾಗಿ ಹೇಳಿತು. ಇದಕ್ಕೆ ಕಂಪೆನಿ ಕಂಡುಕೊಂಡ ಮದ್ದು ತಡ ಮಾಡುವುದು. ಮೊಬೈಲಿನಿಂದ ದೃಢಪಡಿಸುವ ವ್ಯವಸ್ಥೆಯನ್ನು ಇಟ್ಟುಕೊಳ್ಳದವನ ಸಾಮಾನು ಈಗ 15 ದಿನದವರೆಗೆ ನಡುವೆ ತಡೆದಿರುತ್ತದೆ. 2025ರ ಜುಲೈಯಿಂದ ಕೌಂಟರ್-ಸ್ಟ್ರೈಕಿನ ಸಾಮಾನಿನ ವಿನಿಮಯವನ್ನು 7 ದಿನದೊಳಗೆ ಹಿಂದಕ್ಕೆ ಪಡೆಯುವ ಅವಕಾಶವೂ ಬಂದಿದೆ. ಅವಸರವೇ ವಂಚಕನ ಬಂಡವಾಳವಾದ್ದರಿಂದ ಈ ತಡವನ್ನು ಶಪಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. “ಇನ್ನು ಹತ್ತು ನಿಮಿಷದಲ್ಲಿ ಬೇರೆಯವನು ಕೊಳ್ಳುತ್ತಾನೆ” ಎಂದು ನನ್ನವನೂ ಹೇಳಿದ್ದ.

ಇನ್ನೊಂದು ಉಪಾಯ ಇದಕ್ಕಿಂತ ಕ್ರೂರವಾದದ್ದು. ಸ್ನೇಹಿತನ ಹೆಸರಿನಿಂದ ಒಂದು ಸಂದೇಶ ಬರುತ್ತದೆ: “ತಪ್ಪಿ ನಿನ್ನ ಮೇಲೆ ದೂರು ಕೊಟ್ಟುಬಿಟ್ಟೆ, ಖಾತೆ ಮುಚ್ಚುತ್ತಾರೆ, ಈ ಅಧಿಕಾರಿಯೊಡನೆ ಕೂಡಲೇ ಮಾತಾಡು.” ಆ ಅಧಿಕಾರಿ ಕಳ್ಳನೇ. ಸ್ಟೀಮಿನ ನಿಜವಾದ ಸಿಬ್ಬಂದಿ ಹರಟೆಯ ಕಿಟಕಿಯಲ್ಲಿ ಬಂದು ಸಾಮಾನು ಒಪ್ಪಿಸೆಂದು ಕೇಳುವುದಿಲ್ಲ. ಇಲ್ಲಿ ಆಸೆಯ ಪ್ರಶ್ನೆಯೇ ಇಲ್ಲ, ಇರುವುದು ಭಯ. ಆಸೆಬುರುಕರು ಕೆಟ್ಟರು ಎನ್ನುವ ಊಟದ ಮನೆಯ ನ್ಯಾಯ ಇದಕ್ಕೆ ಹೇಗೆ ಹೊಂದುತ್ತದೆ?

ಮಾರುವವರಿಗೂ ಎರಡು ಮಾತು ಹೇಳಬೇಕಾಗಿದೆ. ಹಣ ಸಂದಿದೆಯೆಂಬ ಸ್ಕ್ರೀನ್‌ಶಾಟ್ ಹಣವಲ್ಲ, ಚಿತ್ರ. ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ಕಂಡ ಮೇಲೆಯೇ ಸಾಮಾನು ಬಿಡಿ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತೆಂದು ಯಾರಾದರೂ ಹೇಳಿದರೆ ಹಣ ಹೊರಡುವುದು ನಿಮ್ಮ ಜೇಬಿನಿಂದ.

ನನ್ನ ಮಟ್ಟಿಗೆ ಅತ್ಯಂತ ದೊಡ್ಡ ತಪ್ಪು ಹಣ ಕಳುಹಿಸಿದ್ದಲ್ಲ, ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿಯಿದೆ. ಎಷ್ಟು ಬೇಗ ದೂರಿದರೆ ಅಷ್ಟು, ಹಣ ಇನ್ನೂ ಯಾವುದಾದರೊಂದು ಬ್ಯಾಂಕಿನಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ತಿಂಗಳ ಮೇಲೆ ದೂರಿದವನಿಗೆ ಬರೆದುಕೊಳ್ಳುವ ಗುಮಾಸ್ತನ ಮುಖ ಮಾತ್ರ ಕಾಣುತ್ತದೆ. ನಾನು ಆ ತಿಂಗಳು ಸುಮ್ಮನಿದ್ದದ್ದು ಸಹಪಾಠಿಗಳ ನಗೆಗೆ ಹೆದರಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಓದಿದವನು ಮೋಸಹೋದ ಎನ್ನಿಸಿಕೊಳ್ಳುವುದು 1,800 ರೂಪಾಯಿಗಿಂತ ಭಾರವಾಗಿ ಕಂಡಿತು. ನಮ್ಮ ನಗೆಯಿಂದ ಲಾಭವಾಗುವುದು ಯಾರಿಗೆಂದು ನಕ್ಕವರು ಯೋಚಿಸಬೇಕು.

ನಮ್ಮ ನಿಲಯದಲ್ಲಿ ಹೀಗೆ ಕಳೆದುಕೊಂಡವರು ಇನ್ನಿಬ್ಬರಿದ್ದಾರೆ. ಅವರು ಹೇಳಿದ್ದು ನನಗೊಬ್ಬನಿಗೆ, ಅದೂ ದೀಪ ಆರಿಸಿದ ಮೇಲೆ. ಅವರ ಅನುಮತಿ ಪಡೆದು, ಹೆಸರು ಬಿಟ್ಟು ಇಷ್ಟನ್ನು ಬರೆದಿದ್ದೇನೆ. ಮೂರನೆಯವನು ಇದ್ದರೆ, ನನ್ನ ಕೊಠಡಿ ಮೇಲಂತಸ್ತಿನ ಕೊನೆಯದು.