ಕ್ಯಾಥರೀನ್ ಪ್ರೌಢಳಾದದ್ದು ಎಲ್ಲಿ?

ಜೇನ್ ಆಸ್ಟೆನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಹೊರಬಂದ ‘ನಾರ್ತ್ಯಾಂಗರ್ ಅಬ್ಬೆ’ಯನ್ನು ಕಾದಂಬರಿಯ ಹುಚ್ಚು ಬಿಡಿಸುವ ಕತೆಯೆಂದು ಓದುವವರು ಬಹಳ. ಹದಿನೇಳರ ಹಳ್ಳಿ ಹುಡುಗಿ ಕ್ಯಾಥರೀನ್ ಮಾರ್ಲೆಂಡ್ ಆನ್ ರ‍್ಯಾಡ್‌ಕ್ಲಿಫ್ ಬರೆದ ಭಯಾನಕ ಕಾದಂಬರಿಯ ಗುಂಗಿನಲ್ಲಿ, ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬೇಕೆಂದು ಶಂಕಿಸುತ್ತಾಳೆ. ಅವನ ಮಗ ಹೆನ್ರಿ ಗದರಿದಾಗ ನಾಚಿ ಅಳುತ್ತಾಳೆ. ಅಲ್ಲಿಗೆ ಅವಳಿಗೆ ಬುದ್ಧಿ ಬಂತು ಎಂದು ತೀರ್ಮಾನಿಸಿಬಿಡುವುದು ಆ ಹುಡುಗಿಗೆ ಮಾಡುವ ಅನ್ಯಾಯ. ಪುಸ್ತಕಗಳಿಗಿಂತ ಅವಳನ್ನು ಹೆಚ್ಚು ದಾರಿ ತಪ್ಪಿಸಿದ್ದು ಎದುರಿಗಿದ್ದ ಮನುಷ್ಯರ ಮಾತು.

ಬಾತ್ ಪಟ್ಟಣದಲ್ಲಿ ಗೆಳತಿಯ ಸೋದರ ಜಾನ್ ಥಾರ್ಪ್, ಟಿಲ್ನಿಗಳು ಬೇರೆಲ್ಲೋ ಹೋದರೆಂದು ಸುಳ್ಳು ಹೇಳಿ ಅವಳನ್ನು ತನ್ನ ಗಾಡಿಗೆ ಹತ್ತಿಸುತ್ತಾನೆ. ಅವರು ಬೀದಿಯಲ್ಲೇ ಕಂಡಾಗ ಇಳಿಸೆಂದು ಬೇಡಿದರೂ ಗಾಡಿ ನಿಲ್ಲುವುದಿಲ್ಲ. ಮತ್ತೊಮ್ಮೆ ಅದೇ ಥಾರ್ಪ್ ಅವಳನ್ನು ಕೇಳದೆಯೇ, ಅವಳು ಟಿಲ್ನಿಗಳಿಗೆ ಕೊಟ್ಟ ಮಾತನ್ನು ಮುಂದೂಡಿ ಬರುತ್ತಾನೆ. ಈ ಸಲ ಅವಳು ಹಿಡಿದ ಕೈಗಳನ್ನು ಬಿಡಿಸಿಕೊಂಡು, ಅಣ್ಣನ ಮುನಿಸನ್ನೂ ಲೆಕ್ಕಿಸದೆ, ಟಿಲ್ನಿಗಳ ಮನೆಗೆ ಓಡಿ ನಿಜ ಹೇಳುತ್ತಾಳೆ. ಟಿಲ್ನಿಗಳ ಸ್ವಂತ ಮನೆಯಾದ ನಾರ್ತ್ಯಾಂಗರ್ ಅಬ್ಬೆಯಲ್ಲಿ ಕಾಲಿಡುವ ಮೊದಲೇ ನಡೆದದ್ದು ಇದು. ಮುಂದೆ, ಅವಳ ಅಣ್ಣನಿಗೆ ಕೈಕೊಟ್ಟ ಗೆಳತಿ ಇಸಬೆಲ್ಲಾ ಬೆಣ್ಣೆಯಂಥ ಮಾತಿನ ಪತ್ರ ಬರೆದಾಗ ಅದರ ಕಪಟವನ್ನು ಕ್ಯಾಥರೀನ್ ತಾನೇ ಗುರುತಿಸುತ್ತಾಳೆ. ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಹಾಗಾದರೆ ಕೊಲೆಯ ಶಂಕೆ ಹುಚ್ಚಲ್ಲವೇ ಎಂದು ಕೇಳಬಹುದು. ಹುಚ್ಚೇ, ಅದನ್ನು ಮುಚ್ಚಬೇಕಿಲ್ಲ. ಆದರೆ ಕಾನೂನೂ ನೆರೆಹೊರೆಯೂ ಇರುವ ಇಂಗ್ಲೆಂಡಿನಲ್ಲಿ ಅಂಥ ಕ್ರೌರ್ಯ ನಡೆಯದೆಂದು ಹೆನ್ರಿ ಪಾಠ ಹೇಳಿದ ಮೇಲೆ ನಡೆದದ್ದೇನು? ಥಾರ್ಪ್ ಬಡಾಯಿ ಕೊಚ್ಚಿದಷ್ಟು ಸಿರಿವಂತೆ ಇವಳಲ್ಲ ಎಂದು ತಿಳಿದ ಕೂಡಲೇ ಜನರಲ್ ಅವಳನ್ನು ಬೆಳಗಾಗುತ್ತಲೇ ಮನೆಯಿಂದ ಹೊರಹಾಕುತ್ತಾನೆ. ಜತೆಗೆ ಒಬ್ಬ ಆಳೂ ಇಲ್ಲದ 70 ಮೈಲಿಯ ದಾರಿ. ಹೆನ್ರಿಯ ತಂಗಿ ಎಲಿನರ್ ಹಣ ಕೊಡದಿದ್ದರೆ ದಾರಿಖರ್ಚಿಗೂ ಗತಿಯಿರಲಿಲ್ಲ. ಅಪರಾಧದ ವಿಷಯದಲ್ಲಿ ತಪ್ಪಿದರೂ ಆ ಮನುಷ್ಯನ ಸ್ವಭಾವವನ್ನು ಅವಳು ಸರಿಯಾಗಿಯೇ ಮೂಸಿದ್ದಳು. ತನ್ನ ತಂದೆಯನ್ನೇ ಅರಿಯದ ಹೆನ್ರಿ ಈ ವಿಷಯದಲ್ಲಿ ಗುರುವಾಗಲಾರ. ಕೊನೆಗೆ ಅವನನ್ನೇ ಮದುವೆಯಾದಳಲ್ಲ ಎನ್ನುವವರು, ಅಪ್ಪನ ಮಾತು ಮೀರಿ ಅವಳ ಬಾಗಿಲಿಗೆ ಬಂದವನು ಅವನು ಎಂಬುದನ್ನು ನೆನೆಯಬೇಕು. ಇದೇ ಪುಸ್ತಕದ ಐದನೇ ಅಧ್ಯಾಯದಲ್ಲಿ ಆಸ್ಟೆನ್ ಕಾದಂಬರಿಯ ಪರವಾಗಿ ನೇರವಾಗಿ ವಾದಿಸಿದ್ದಾರೆ. ಓದಿನಿಂದ ಹುಡುಗಿಯರು ಕೆಡುತ್ತಾರೆ ಎನ್ನುವವರು ದಯವಿಟ್ಟು ಆ ಅಧ್ಯಾಯವನ್ನು ಮೊದಲು ಓದಲಿ.