ಎರಡು ಡಿಗ್ರಿಯ ಲೆಕ್ಕ

ಹೋದ ಭಾನುವಾರ ಜೆ.ಪಿ. ನಗರದಿಂದ ಮೊಮ್ಮಗಳು ಬಂದಿದ್ದಳು. ಹತ್ತನೇ ತರಗತಿ. ಶಾಲೆಯಲ್ಲಿ ಮಾಡಿಸಿದ ಪ್ರತಿಫಲನದ ಪ್ರಯೋಗವನ್ನು ಮಾಡಿ ತೋರಿಸುತ್ತೇನೆಂದು ಊಟದ ಮೇಜಿನ ಮೇಲೆ ಥರ್ಮೋಕೋಲ್ ಹಲಗೆ, ಬಿಳಿ ಹಾಳೆ, ಗುಂಡುಸೂಜಿಗಳನ್ನು ಹರಡಿಕೊಂಡಳು. ಕನ್ನಡಿಯ ಪಟ್ಟಿ ನಾನು ಜಯನಗರದಲ್ಲಿ ಕತ್ತರಿಸಿ ತಂದದ್ದು, 4 ಮಿಲಿಮೀಟರ್ ದಪ್ಪ.

ಹಾಳೆಯ ಮೇಲೆ ಗೆರೆ ಎಳೆದು, ಕನ್ನಡಿಯ ಮುಂಬದಿಯನ್ನು ಅದಕ್ಕೆ ತಾಗಿಸಿ ನಿಲ್ಲಿಸಿದಳು. ನಡುಬಿಂದುವಿನಿಂದ ಒಂದು ಲಂಬ, ಲಂಬಕ್ಕೆ 40 ಡಿಗ್ರಿ ಓರೆಯಾಗಿ ಪತನ ಕಿರಣ, ಅದರ ಮೇಲೆ ಎರಡು ಸೂಜಿ. ಆಮೇಲೆ ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಕನ್ನಡಿಯೊಳಗೆ ಕಾಣುವ ಸೂಜಿಗಳ ಸಾಲಿಗೆ ಸರಿಯಾಗಿ ಇನ್ನೆರಡು ಸೂಜಿ ನೆಟ್ಟಳು. ದೂರದ ಸೂಜಿಯಿಂದ ನಡುಬಿಂದುವಿಗೆ ಗೆರೆ ಎಳೆದು ಕೋನಮಾಪಕ ಇಟ್ಟಳು. 42 ಬಂತು. ಬರೆದುಕೊಂಡಳು, ನೋಡಿದಳು, ರಬ್ಬರ್ ತೆಗೆದು ಅಳಿಸಿ 40 ಮಾಡಿದಳು.

"ಯಾಕಮ್ಮಾ ಅಳಿಸಿದೆ?"

"ಎರಡು ಕೋನಾನೂ ಸಮ ತಾನೇ ತಾತ? ಬುಕ್ಕಲ್ಲೇ ಇದೆಯಲ್ಲ."

ಅವಳನ್ನು ಬೈಯುವಂತಿಲ್ಲ. ನಾನೂ ಹೈಸ್ಕೂಲಿನಲ್ಲಿ ಹೀಗೆಯೇ ಅಳಿಸಿದವನು. ಆದರೆ ಆ ಎರಡು ಡಿಗ್ರಿ ಅವಳ ಕೈತಪ್ಪಿನಿಂದ ಬಂದದ್ದಲ್ಲ. ಅದು ಬೆಳಕು ಕೊಟ್ಟ ಉತ್ತರ.

ಇಬ್ಬರೂ ಕೂತು ಹುಡುಕಿದೆವು. ಮೊದಲು ಸಿಕ್ಕಿದ್ದು ಇದು: ಕೊನೆಯ ಎರಡು ಸೂಜಿಗಳನ್ನು ಕೂಡಿಸಿ ಗೆರೆ ಎಳೆದರೆ ಅದು ನಡುಬಿಂದುವಿಗೆ ಬರುವುದೇ ಇಲ್ಲ, ಸುಮಾರು 4 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅದನ್ನು ಬಲವಂತವಾಗಿ ಬಿಂದುವಿಗೆ ಎಳೆದದ್ದರಿಂದಲೇ 42. ಬೆಳಕನ್ನು ಹಿಂದಿರುಗಿಸುವುದು ಗಾಜಿನ ಮುಖವಲ್ಲ, ಬೆನ್ನಿಗೆ ಬಳಿದ ಲೇಪ. ಹಾಗಾದರೆ ಬೆನ್ನನ್ನೇ ಗೆರೆಗೆ ಕೂಡಿಸೋಣವೆಂದಳು. ಕೂಡಿಸಿದರೆ ಗೆರೆ ಇನ್ನೊಂದು ಪಕ್ಕಕ್ಕೆ ತಪ್ಪಿತು. ಕೋನ 39ಕ್ಕೆ ಇಳಿಯಿತು! ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಗಾಜಿನೊಳಗೆ ಹೋಗುವಾಗ, ಹೊರಬರುವಾಗ ಬೆಳಕು ಬಾಗುತ್ತದೆ. ಹಾಗಾಗಿ ಲೇಪ ತಾನಿರುವುದಕ್ಕಿಂತ ಮುಂದಿದ್ದಂತೆ, ಗಾಜಿನ ದಪ್ಪದ ನಡುವೆಲ್ಲೋ ಇದ್ದಂತೆ ನಡೆದುಕೊಳ್ಳುತ್ತದೆ. ವಕ್ರೀಭವನವೆಂದು ಪುಸ್ತಕ ಮುಂದಿನ ಪುಟಗಳಿಗೆ ಎತ್ತಿಟ್ಟದ್ದು ಪ್ರತಿಫಲನದ ಪ್ರಯೋಗದೊಳಗೇ ಅಡಗಿ ಕೂತಿತ್ತು. ಬಿಂದುವನ್ನು ಮರೆತು, ಸೂಜಿಗಳನ್ನಷ್ಟೇ ನಂಬಿ ಗೆರೆ ಎಳೆದಾಗ ಕೋನ 40ಕ್ಕೇ ಬಂದು ನಿಂತಿತು. ಈ ಸಲದ 40 ಅವಳದು.

ಸಂಜೆ ನಡೆಯಲು ಹೊರಟಾಗ ಮರದಡಿಯ ಬಿಸಿಲಚುಕ್ಕೆಗಳನ್ನು ತೋರಿಸಿದೆ. ಎಲೆಗಳ ಸಂದಿ ಮೂಲೆಮೂಲೆಯಾಗಿದ್ದರೂ ಚುಕ್ಕೆ ದುಂಡಗೇ ಇರುತ್ತದೆ, ಏಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಇಂಥ ಚುಕ್ಕೆಗಳೆಲ್ಲ ಕುಡುಗೋಲಿನಂತಾಗಿದ್ದವು. ನೇರ ಸಾಗುವ ಬೆಳಕು ಸಣ್ಣ ಕಿಂಡಿ ಸಿಕ್ಕಿದರೆ ಸಾಕು, ತನ್ನ ಮೂಲವನ್ನು ನೆಲದ ಮೇಲೆ ಬರೆಯುತ್ತದೆ.

ಇಂಥದೇ ಒಂದು ಕಿಂಡಿ ನಮ್ಮ ಗವಿಪುರದಲ್ಲಿದೆ, ಕಲ್ಲಿನದು. ಮಕರ ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಬಿಸಿಲು ಕಿಟಕಿ ದಾಟಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಆ ಹೊತ್ತಿಗೆ ಸೇರುವ ಜನಸಾಗರವನ್ನು ಎಲ್ಲರೂ ಟಿವಿಯಲ್ಲಿ ಕಂಡಿದ್ದೇವೆ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಅಲ್ಲಿ ಕೋನಗಳನ್ನು ಅಳೆದು 2008ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಮಾತ್ರವಲ್ಲ, ನವೆಂಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೂ ಬಿಸಿಲು ಅದೇ ದಾರಿಯಲ್ಲಿ ಬರುತ್ತದೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುವ ಸೂರ್ಯ, ಆ ದಿನಕ್ಕೆ ಮೂರು ವಾರ ಹಿಂದೆ ಎಲ್ಲಿದ್ದನೋ ಮೂರು ವಾರ ಮುಂದೆಯೂ ಅಲ್ಲೇ ಇರಬೇಕಲ್ಲ! 18ನೇ ಶತಮಾನದ ಕೊನೆಯಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಚಿತ್ರಗಳೊಂದಿಗೆ ಹೋಲಿಸಿ, ಆಗಿನ್ನೂ ಗುಡಿಗೆ ಇಂದಿನಷ್ಟು ಕಟ್ಟಡಗಳು ಸೇರಿರಲಿಲ್ಲವೆಂದೂ ಅವರು ತೋರಿಸಿದರು. ಗೋಡೆ ಎದ್ದಲ್ಲಿ ಬೆಳಕಿನ ದಾರಿಯೂ ಬದಲು.

ಭಕ್ತಿಗೆ ಇದರಿಂದ ಕುಂದಿಲ್ಲ. ನಾನು ಸಂಕ್ರಾಂತಿಗೆ ಅಲ್ಲಿ ಕೈಮುಗಿದು ನಿಂತಿದ್ದೇನೆ, ಮುಂದೆಯೂ ನಿಲ್ಲುತ್ತೇನೆ. ಆದರೆ ನವೆಂಬರಿನ ಆ ಸಂಜೆಗಳನ್ನು ಒಮ್ಮೆಯೂ ನೋಡಿಲ್ಲವೆಂಬುದು ನನ್ನನ್ನು ಕಾಡುತ್ತಿದೆ. ದಕ್ಷಿಣ ಬೆಂಗಳೂರಿನ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿದೆ? ಬನಶಂಕರಿಯಿಂದಾಗಲಿ ಜಯನಗರದಿಂದಾಗಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಕಷ್ಟವೇನಲ್ಲ.

ನವೆಂಬರ್ 28ಕ್ಕೆ ಹೋಗೋಣವೆಂದು ಮೊಮ್ಮಗಳಿಗೆ ಹೇಳಿದ್ದೇನೆ. ಆ ದಿನಗಳಲ್ಲಿ ಮೋಡ ಜಾಸ್ತಿ. ಕಾಣದಿದ್ದರೆ ಮರುದಿನ ಮತ್ತೆ. ಕೋನಮಾಪಕ ತರಲೇ ಎಂದು ಕೇಳಿದಳು. ತಾ ಅಂದೆ. ರಬ್ಬರ್ ಬೇಡ.